ಒಂದು ಕೂಗಿನ ಕಡವು

ಇದನ್ನ ಯಾರ ಹತ್ರಾನೂ ಹೇಳ್ಬಾರ್ದು ಅಂತ ನಮ್ಮಜ್ಜಿ ನನ್ನಿಂದ ಮಾತು ತಗೊಂಡಿದ್ರು. ಹೇಳಿದಾಗೆಲ್ಲ ಸತ್ತೋಳನ್ನ ಇನ್ನೊಂದ್ಸಲ ಬೈದಂಗೆ ಆಗುತ್ತಂತೆ. ಆದ್ರೂ ಹೇಳ್ತಿದೀನಿ, ಇದೇ ಮೊದಲ್ನೇ ಸಲ. ಮಳೆಗಾಲದಲ್ಲಿ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕ್ಕೊಂಡು ನಮ್ಮೂರ ಗುಡ್ಡ ಹತ್ತೋಕೆ ಬರೋರೆಲ್ಲ ತೂಗುಸೇತುವೆ ದಾಟೇ ಬರ್ತಾರೆ. ಕೆಳಗೆ ಹೊಳೆ ಕೆಂಪಾಗಿ ಉಕ್ಕುತಿರುತ್ತೆ. ಈ ದಡದಲ್ಲಿ, ಹಿಂದೆ ದೋಣಿ ದಾಟಿಸ್ತಿದ್ದ ಜಾಗದಲ್ಲಿ, ‘ಒಂದು ಕೂಗಿನ ಕಡವು’ ಅಂತ ಬೋರ್ಡಿದೆ. ಒಂದು ಸಲ ಕೂಗಿದ್ರೆ ಸಾಕು ದೋಣಿ ಬರ್ತಿತ್ತು, ಅಷ್ಟು ಚುರುಕಾದ ಅಂಬಿಗ ಇದ್ದ ಅಂತ ಗೈಡ್‌ಗಳು ಹೇಳ್ತಾರೆ. ನಡೆದದ್ದು ಅದಲ್ಲ.

ಹಿಂದೆ, ಸೇತುವೆ ಇಲ್ಲದ ಕಾಲದಲ್ಲಿ, ಇಲ್ಲಿ ಅಂಬಿಗರ ಬೆಳ್ಳಯ್ಯ ಮತ್ತೆ ಅವನ ಹೆಂಡ್ತಿ ಚೌಡಮ್ಮ ಇದ್ರು ಅಂತಾರೆ. ಆಚೆ ದಡದೋರು ಮೂರು ಸಲ ಕೂಗ್ಬೇಕಿತ್ತು, ಆಮೇಲೇ ದೋಣಿ ಬಿಡೋದು. ಹೊಳೆ ತುಂಬಿದಾಗ ಮುಳುಗಿ ಸತ್ತೋರು ನಮಗೆ ಬೇಕಾದೋರ ದನಿಯಲ್ಲೇ ಕರೀತಾರೆ, ಆದ್ರೆ ಅವರಿಗೆ ಒಂದೇ ಸಲ ಕೂಗೋಕಾಗೋದು ಅಂತ ನಂಬಿಕೆ. ಅಂಥ ಒಂದು ಕೂಗಿಗೆ ಓಡಿಹೋದ ಬೆಳ್ಳಯ್ಯನ ಅಣ್ಣ ವಾಪಸ್ ಬಂದಿರಲಿಲ್ಲ. ಇವರಿಗೆ ಹೊನ್ನಿ ಒಬ್ಳೇ ಮಗಳು. ಹೊಳೆಯಾಚೆ ದೂರದ ಊರಿಗೆ ಕೊಟ್ಟಿದ್ರು. ಚೊಚ್ಚಲ ಬಸುರಿ. ಹೊಳೆ ತುಂಬೋ ಮುಂಚೆ ತವರಿಗೆ ಕಳಿಸ್ಬೇಕಿತ್ತು, ನಾಟಿ ಮುಗೀಲಿ ಅಂತ ಅತ್ತೆ ಇರಿಸ್ಕೊಂಡಿದ್ಲು. ಮಳೆ ಹಿಡಿದ ಆರನೇ ದಿನ ಮಧ್ಯಾಹ್ನ, ದಡ ಕಾಣದಷ್ಟು ಮಂಜಿನಲ್ಲಿ, “ಅಪ್ಪಾ...” ಅಂತ ಕೇಳಿಸ್ತು. ಬೆಳ್ಳಯ್ಯ ಹುಟ್ಟು ಎತ್ಕೊಂಡೇಬಿಟ್ಟ.

“ನಮ್ ಹೊನ್ನಿ ಕಣೇ!”

ಚೌಡಮ್ಮ ಬಾಗಿಲಿಗೆ ಅಡ್ಡ ನಿಂತ್ಲು. “ಅವಳ ಬಾಯಿ ನಿಮಗೆ ಗೊತ್ತಿಲ್ವಾ? ಅವಳಾಗಿದ್ರೆ ಮೂರಲ್ಲ, ಮೂವತ್ತು ಸಲ ಕೂಗೋಳು.”

“ಗಂಟ್ಲು ಕಟ್ಟಿರ್ಬೋದು.”

“ನಿಮ್ಮಣ್ಣನೂ ಹಿಂಗೇ ಏನೋ ಹೇಳ್ಕೊಂಡೇ ಓಡಿದ್ದು. ಕೂತ್ಕೊಳಿ. ಇನ್ನೊಂದು ಕೂಗು ಬರ್ಲಿ, ನಾನೇ ದೋಣಿ ತಳ್ತೀನಿ.”

ಇಬ್ರೂ ಹೊಸ್ತಿಲ ಮೇಲೆ ಕಿವಿಗೊಟ್ಟು ಕೂತ್ರು. ಇನ್ನೊಂದು ಕೂಗು ಬರಲೇ ಇಲ್ಲ. ಮಾರನೇ ದಿನ ಮಳೆ ಸ್ವಲ್ಪ ಬಿಟ್ಟಾಗ ಬೆಳ್ಳಯ್ಯ ಒಬ್ನೇ ಆಚೆ ಹೋದ. ಹೊನ್ನಿ ಮತ್ತಿಮರಕ್ಕೆ ಒರಗಿ ಕೂತಿದ್ಲು. ದಾರೀಲೇ ನೋವು ಬಂದು ಅಲ್ಲೇ ಹೆರಿಗೆ ಆಗಿತ್ತು. ಮಗೂನ ಸೆರಗಲ್ಲಿ ಸುತ್ತಿ ಎದೆಗೆ ಒತ್ತಿಕೊಂಡಿದ್ಲು. ಇಬ್ರೂ ತಣ್ಣಗಾಗಿದ್ರು. ಅವಳಲ್ಲಿ ಉಳಿದಿದ್ದ ಉಸಿರು ಒಂದು ಕೂಗಿಗೆ ಮಾತ್ರ ಸಾಕಾಗಿತ್ತು.

ದೋಣಿಯಲ್ಲಿ ಮಲಗಿಸ್ಕೊಂಡು ಬಂದ. ದಡದಲ್ಲಿ ನಿಂತಿದ್ದ ಚೌಡಮ್ಮ ನೋಡಿದ್ಲು, ಅಳಲಿಲ್ಲ, ಒಳಗೆ ಹೋಗಿ ಅಗಳಿ ಹಾಕ್ಕೊಂಡ್ಲು. ಬೆಳ್ಳಯ್ಯ ಮಗಳನ್ನ ಜಗಲಿ ಮೇಲೆ ಮಲಗಿಸಿ, “ಬಾಗಿಲು ತೆಗಿಯೇ, ನಾನೂ ಕೂತಿದ್ನಲ್ಲೇ ನಿನ್ ಜೊತೆ” ಅಂತ ಸಂಜೆವರೆಗೂ ಕರೆದ. ಅವಳು ತೆಗೀಲೇ ಇಲ್ಲ, ಒಳಗೇ ಸತ್ಲು. ಕೊನೇವರೆಗೂ ಬಾಗಿಲು ಒಡೆದು ಒಳಗೆ ಹೋಗೋಕೆ ಅವನು ಯಾರನ್ನೂ ಬಿಡಲಿಲ್ಲ ಅಂತಾರೆ.

ಸೇತುವೆ ಇಳಿದ ತಕ್ಷಣ ಬಲಗಡೆ ಆ ಒಂಟಿ ಮನೆ ಈಗಲೂ ಇದೆ. ವರ್ಷಾ ವರ್ಷಾ ಊರೋರು ಹೆಂಚು ಸರಿ ಮಾಡ್ತಾರೆ, ಕದ ಮಾತ್ರ ಮುಟ್ಟಲ್ಲ. ಮಳೆ ಜೋರಾದ್ರೆ ಬ್ಯಾಗಿನೋರು ಜಗಲಿ ಹತ್ತಿ ಬಾಗಿಲು ತಟ್ತಾರೆ. “ಯಾರಾದ್ರೂ ಇದ್ದೀರಾ?” ಅಂತ ಕೇಳಿ, ಸ್ವಲ್ಪ ಹೊತ್ತು ಕಾಯ್ತಾರೆ. ಒಳಗಿಂದ ಯಾರೂ ಓಗೊಡಲ್ಲ.