ತೇಲುವ ಚೀಲದೊಳಗಿನ ಮರಿ

ಗಾಜಿನ ತೊಟ್ಟಿಯೊಂದರಲ್ಲಿ ಗಿರ್ಲು ಮೀನುಗಳು ಸಂತೆ ನೆರೆದಂತೆ ತುಂಬಿಹೋಗಿದ್ದವು. ಉಸಿರು ಸಾಲದೆ ಎಲ್ಲವೂ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸಾಲದ್ದಕ್ಕೆ ಯಜಮಾನ ಇನ್ನೊಂದು ಮೀನನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ಚೀಲದ ಸಮೇತ ನೀರಿನ ಮೇಲೆ ತೇಲಿಬಿಟ್ಟ. ತೊಟ್ಟಿಯ ಮೀನುಗಳು ಚೀಲವನ್ನು ಕುಟ್ಟಿದರೆ ಹೊಸಬನನ್ನು ವಾಪಸು ಒಯ್ಯುವುದು ಅವನ ಪದ್ಧತಿ.

ಬಂದದ್ದು ಬೆರಳುದ್ದದ ಕುಚ್ಚು ಮೀನಿನ ಮರಿ. “ಅಜ್ಜ, ಒಂದು ಮೂಲೆ ಕೊಟ್ಟರೆ ಸಾಕು,” ಎಂದಿತು ಚೀಲದೊಳಗಿಂದಲೇ.

ಹಿರಿಯ ಗಿರ್ಲಿನ ಎದೆ ಉಬ್ಬಿತು. “ಬಾ ಮಗ. ಮೊಸಳೆಯ ಬಾಯೊಳಗೆ ಹೊಕ್ಕು ಹಲ್ಲು ಎಣಿಸಿ ಬಂದವನು ನಾನು.”

ತಳದ ಮರಳಲ್ಲಿದ್ದ ಮುರಂಗಿ ಮೀನು ತಲೆ ಎತ್ತಿತು. “ಹಿರಿಯರೇ, ಅವನ ಮೈ ನೋಡಬೇಡಿ, ಬಾಯಿ ನೋಡಿ. ಎಲ್ಲರೂ ಸೇರಿ ಚೀಲ ಕುಟ್ಟೋಣ.”

“ಯಾರೂ ಕುಟ್ಟಕೂಡದು. ಹೆದರುಪುಕ್ಕಲ, ಮರಳೊಳಗೇ ಬಿದ್ದಿರು,” ಎಂದು ಹಿರಿಯ ಗದರಿತು. ಯಜಮಾನ ಚೀಲ ಬಿಚ್ಚಿದ.

ಮರಿ ಬೆಳೆಯಿತು. ಬೆಳಗಾದರೆ ಉಸಿರಾಟ ಹಿಂದಿನ ದಿನಕ್ಕಿಂತ ಸಲೀಸು. “ನೋಡಿದಿರಾ, ಮರಿಯ ಕಾಲ್ಗುಣ,” ಎಂದು ಹಿರಿಯ ಒಂದು ಬೆಳಿಗ್ಗೆ ಮೀಸೆ ತಿರುವಿತು. ಯಾರೂ ಹೂಂಗುಟ್ಟಲಿಲ್ಲ. ಹಿಂತಿರುಗಿದರೆ ಹಿಂದೆ ಒಬ್ಬರೂ ಇಲ್ಲ. ಮುರಂಗಿ ಮಲಗುತ್ತಿದ್ದ ಮರಳೂ ಬರಿದು.

ಕಲ್ಲಿನ ಹಿಂದಿನಿಂದ ಮೊಳದುದ್ದದ ಕುಚ್ಚು ಮೆಲ್ಲಗೆ ಬಂತು.

“ಅಜ್ಜ, ಮೂಲೆ ಕೊಟ್ಟ ಉಪಕಾರ ಮರೆತಿಲ್ಲ. ಅದಕ್ಕೇ ನಿಮ್ಮನ್ನು ಕೊನೆಗೆ ಉಳಿಸಿಕೊಂಡೆ,” ಎಂದು ಬಾಯಿ ತೆರೆಯಿತು. “ಬನ್ನಿ, ನನ್ನ ಹಲ್ಲನ್ನೂ ಎಣಿಸಿ.”