ಗಾಲಿಮನೆಯ ಹಿಂದಿನ ದೀಪ

ಒಬ್ಬಳು ತಾಯಿ, ಒಬ್ಬ ಮಗ. ತಾಯಿ ಓಬಮ್ಮ, ಮಗ ತಿಪ್ಪೇಶಿ. ಹೇಳಿದ ಮಾತು ಕೇಳದ ಮಕ್ಕಳು ಎಲ್ಲ ಊರಲ್ಲೂ ಇರುತ್ತಾರೆ. ತಿಪ್ಪೇಶಿ ಹೇಳಿದ್ದನ್ನೆಲ್ಲ ಕೇಳುತ್ತಿದ್ದ. ಅದೇ ಕಷ್ಟ.

ಓಬಮ್ಮ ಸರ್ಕಸ್ಸಿನಲ್ಲಿ ಅಡುಗೆಯವಳಾಗಿದ್ದಳು. ಸರ್ಕಸ್ ಮುಚ್ಚಿತು. ಯಜಮಾನ ಹೋಗುವಾಗ ಅವಳಿಗೊಂದು ಹಳೇ ಗಾಲಿಮನೆ, ಅದನ್ನು ಎಳೆಯುವ ಜೀಪು ಕೊಟ್ಟ. ತಗಡಿನ ಮನೆ, ಕೆಳಗೆ ಗಾಲಿ, ಒಳಗೆ ಒಲೆ, ಮಂಚ. ಜೀಪಿನ ಹುಕ್ಕಿಗೆ ಸಿಗಿಸಿ ಪಿನ್ನು ಹಾಕಿದರೆ ಮನೆಯೇ ಊರೂರು ಹೊರಡುತ್ತದೆ. ತಿಪ್ಪೇಶಿಗೆ ಜೀಪು ಓಡಿಸಲು ಬರುತ್ತಿತ್ತು. ಅಷ್ಟೇ ಬರುತ್ತಿತ್ತು.

ಹಿರಿಯೂರಿನ ಪಕ್ಕ ಸಣ್ಣೀರಮ್ಮ ಎಂಬವಳ ಹಿತ್ತಲಲ್ಲಿ ಗಾಲಿಮನೆ ನಿಲ್ಲಿಸಿಕೊಂಡಿದ್ದರು. ಚಳ್ಳಕೆರೆಗೆ ಮದುವೆ ಮಾಡಿಕೊಟ್ಟಿದ್ದ ಮಗಳು ಮಾರಕ್ಕನಿಗೆ ದಿನ ತುಂಬಿತು. ಚೊಚ್ಚಲ ಹೆರಿಗೆ.

"ಅವ್ವಾ, ಬೇಗ ಬಾರವ್ವಾ!" ಎಂದು ಫೋನಿನಲ್ಲಿ ಅತ್ತಳು.

ಬಾಣಂತನದ ಖಾರ, ಎಣ್ಣೆ, ಹಂಡೆ ಎಲ್ಲ ಗಾಲಿಮನೆಯಲ್ಲೇ ಇತ್ತು. ತಾಯಿ ಮಗ ಹೊರಟರು. ಹೆದ್ದಾರಿ ಹತ್ತುವ ಕಡೆ ಪೊಲೀಸಪ್ಪ ಕೈ ಅಡ್ಡ ಹಾಕಿದ.

"ಹಿಂದೆ ಕೆಂಪು ದೀಪ ಉರೀತಿಲ್ಲ. ಲಾರಿಯವನು ಬಂದು ಗುದ್ದಿದ್ರೆ? ದೀಪ ಉರಿಸ್ಕೊಂಡು ಬಾ, ಬಿಡ್ತೀನಿ."

ಮತ್ತೆ ಹಿತ್ತಲಿಗೆ ಬಂದರು. ಓಬಮ್ಮ ಗಾಡಿ ವೈರಿಂಗ್ ಮಾಡುವ ಬುಡೇನ್ ಸಾಬರನ್ನು ಕೇಳಿದಳು. ಸಾಬರಿಗೆ ಕೈತುಂಬ ಕೆಲಸ.

"ಹಳೇ ಗಾಡಿ ಅಲ್ವೇನಮ್ಮ, ತುಕ್ಕು ಹಿಡಿದಿರುತ್ತೆ. ತುಕ್ಕಿದ್ದ ಕಡೆ ಕರೆಂಟು ಓಡಾಡಲ್ಲ. ಕಪ್ಪಾದ ಕಬ್ಬಿಣ ಹೊಳೆಯೋ ತನಕ ಉಜ್ಜಿಸು."

"ಕೇಳಿದ್ಯೇನೋ?" ಎಂದಳು ಓಬಮ್ಮ.

"ಕೇಳಿದೆ ಕಣವ್ವ!"

ತಿಪ್ಪೇಶಿ ಉಪ್ಪುಕಾಗದ ಹಿಡಿದ. ಉಜ್ಜಿದ, ಉಜ್ಜಿದ, ಉಜ್ಜಿದ. ಸೌಟು ಉಜ್ಜಿದ. ಹುಕ್ಕಿನ ಪಿನ್ನು ಕಿತ್ತು ತಂದು ಉಜ್ಜಿದ. ಒಲೆಯ ಮೇಲಿದ್ದ ದೋಸೆ ಹಂಚು ಉಜ್ಜಿದ. ಅದು ಓಬಮ್ಮನ ಅತ್ತೆಯ ಕಾಲದ ಹಂಚು, ಎಣ್ಣೆ ಕುಡಿದು ಕುಡಿದು ಕಪ್ಪಾದದ್ದು. ಈಗ ಬೆಳ್ಳಿ ತಟ್ಟೆಯ ಹಾಗೆ ಹೊಳೆಯಿತು.

ಓಬಮ್ಮ ದೋಸೆ ಹೊಯ್ದಳು. ದೋಸೆ ಏಳಲಿಲ್ಲ.

"ಅಯ್ಯೋ ನನ್ನ ಹಂಚೇ! ನಿನ್ನ ಕೈ ಸೇದಿಹೋಗ! ಕಂಡದ್ದೆಲ್ಲ ಉಜ್ಜೋದಲ್ಲ ಕಣೋ. ವೈರು ಎಲ್ಲಿಗೆ ಹೋಗುತ್ತೆ ಅಂತ ಅದರ ಹಿಂದೇನೇ ಹೋಗಬೇಕು, ಕೊನೆ ಸಿಗೋ ತನಕ!"

"ಹಾಗೇ ಮಾಡ್ತೀನವ್ವ!"

ಹೊಳೆಯುವುದನ್ನೆಲ್ಲ ಸೌಟುಗಳ ಜೊತೆ ತೂಗುಹಾಕಿ ಹೊರಗೆ ಬಂದ. ಗಾಲಿಮನೆಯಿಂದ ಒಂದು ಕಪ್ಪು ವೈರು ಹೊರಟಿತ್ತು. ಟೀವಿ ಕೇಬಲ್ಲು. ವೈರು ಗೋಡೆ ಹತ್ತಿತು, ತಿಪ್ಪೇಶಿಯೂ ಹತ್ತಿದ. ವೈರು ಹೆಂಚಿನ ಮೇಲೆ ಹೋಯಿತು, ತಿಪ್ಪೇಶಿಯೂ ಹೋದ. ವೈರು ಸಣ್ಣೀರಮ್ಮನ ಬಚ್ಚಲ ಕಿಂಡಿಯೊಳಗೆ ಇಳಿಯಿತು. ತಿಪ್ಪೇಶಿಯೂ ಇಳಿದ.

ಒಳಗೆ ಸಣ್ಣೀರಮ್ಮನ ಗಂಡ ತಲೆಗೆ ಸೋಪು ಹಚ್ಚಿಕೊಂಡು ಕೂತಿದ್ದ.

"ಯಾವನೋ ಅದು!"

"ನಾನು ಮಾವ, ತಿಪ್ಪೇಶಿ! ವೈರು ಬಂತು, ನಾನೂ ಬಂದೆ! ನೀರು ಹುಯ್ಕೊಳ್ಳಿ, ನಾನು ಮುಂದಕ್ಕೆ ಹೋಗ್ತೀನಿ!"

ಸಣ್ಣೀರಮ್ಮ ಕಿವಿ ಹಿಡಿದು ತಂದು ಓಬಮ್ಮನ ಮುಂದೆ ನಿಲ್ಲಿಸಿದಳು. ಓಬಮ್ಮ ತಲೆ ಚಚ್ಚಿಕೊಂಡಳು.

"ಅಲ್ಲಿ ನಿನ್ನ ಅಕ್ಕ ನೋವು ತಿನ್ನೋ ಹೊತ್ತು ಬಂದೈತೆ, ನೀನು ಬಚ್ಚಲಿಗೆ ಇಳೀತೀಯಲ್ಲೋ! ಹೋಗೋದೂ ಬೇಡ, ಹತ್ತೋದೂ ಬೇಡ. ಎರಡು ತುದಿ ಬಿಡಿಯಾಗಿ ಬಿದ್ದಿದ್ರೆ ಹೊಸೆದು, ಟೇಪು ಸುತ್ತಿ ಸೇರಿಸು. ಎಳೆದರೂ ಬಿಚ್ಚಬಾರದು, ಹಂಗೆ!"

"ಹಂಗೇ ಮಾಡ್ತೀನವ್ವ!"

ಹಿತ್ತಲಲ್ಲಿ ಹಸುವಿನ ಹಗ್ಗದ ತುದಿ ಬಿದ್ದಿತ್ತು. ಕರುವಿನ ಹಗ್ಗದ ತುದಿಯೂ ಬಿದ್ದಿತ್ತು. ಹೊಸೆದ. ಟೇಪು ಸುತ್ತಿದ. ಎಳೆದು ನೋಡಿದ. ಬಿಚ್ಚಲಿಲ್ಲ.

ಬೆಳಿಗ್ಗೆ ಸಣ್ಣೀರಮ್ಮ ಚೊಂಬು ಹಿಡಿದು ಬಂದಳು. ಕೆಚ್ಚಲು ಬರಿದಾಗಿತ್ತು, ಹಾಲೆಲ್ಲ ಕುಡಿದು ಕರು ಉಬ್ಬಿತ್ತು. ಹಗ್ಗ ಬಿಚ್ಚಲು ಕುಡುಗೋಲೇ ಬೇಕಾಯಿತು.

"ಓಬಮ್ಮಾ! ನಿನ್ನ ದೀಪಾನೂ ಸಾಕು, ನಿನ್ನ ಮಗಾನೂ ಸಾಕು!"

ಆ ಗದ್ದಲಕ್ಕೆ ಬುಡೇನ್ ಸಾಬರೇ ಬಂದರು. ನೋಡಿದರು. ಮೀಸೆಯಲ್ಲೇ ನಕ್ಕರು.

"ಈ ತಗಡಿನ ಮೈಯಲ್ಲಿ ಕರೆಂಟು ಓಡುತ್ತೆ ಅಂತ ನಂಬಬೇಡಿ. ಜೀಪಿನ ಬ್ಯಾಟರಿಯಿಂದ ದೀಪಕ್ಕೆ ನೇರ ಎರಡು ವೈರು ಎಳೀರಿ. ಒಂದು ಹೋಗೋಕೆ, ಒಂದು ಬರೋಕೆ. ಗಂಟು ಮಾತ್ರ ಇವನ ಕೈಲೇ ಹಾಕಿಸಿ. ಹಗ್ಗ ನೋಡಿದೆ, ಗಂಟು ಗಟ್ಟಿ."

ಓಬಮ್ಮ ಪಕ್ಕದಲ್ಲೇ ನಿಂತು ಕಾದಳು. ತಿಪ್ಪೇಶಿ ಹೊಸೆದ, ಸುತ್ತಿದ, ಎಳೆದ. ದೀಪ ಹತ್ತಿತು! ಸರ್ಕಸ್ ಕಾಲದ ದೀಪ, ಸುತ್ತ ಕಬ್ಬಿಣದ ಜಾಲರಿ. ಕೆಂಡದ ಹಾಗೆ ಉರಿಯಿತು. ಅಷ್ಟರಲ್ಲಿ ಸಂಜೆಯಾಗಿತ್ತು.

"ನನ್ನ ಬಂಗಾರ!" ಎಂದು ಓಬಮ್ಮ ಮಗನ ಗಲ್ಲ ಹಿಡಿದಳು. "ಇನ್ನು ಹೊರಡು. ಹಿಂದೆ ತಿರುಗಿ ತಿರುಗಿ ನೋಡಬೇಡ, ರಸ್ತೆ ನೋಡು. ಕನ್ನಡಿಯಲ್ಲಿ ಕೆಂಪು ಕಂಡರೆ ಅವ್ವ ಹಿಂದೇನೇ ಇದಾಳೆ ಅಂತ ತಿಳ್ಕೊ."

"ತಿಳ್ಕೊಂಡೆ ಕಣವ್ವ!"

ಓಬಮ್ಮ ಗಾಲಿಮನೆ ಹತ್ತಿ ಕೂತಳು. ಜೀಪು ಗುರ್ರೆಂದಿತು. ಎದುರಿಗೆ ಸೌಟುಗಳು ತೂಗುತ್ತಿದ್ದವು. ಸೌಟುಗಳ ನಡುವೆ ಏನೋ ಹೊಳೆಯಿತು. ಹುಕ್ಕಿನ ಪಿನ್ನು.

"ಲೋ ತಿಪ್ಪೇಶೀ! ನಿಲ್ಲಿಸೋ!"

ದಢ್! ಗಾಲಿಮನೆ ಮೂಗು ನೆಲಕ್ಕೆ ಊರಿ ಅಲ್ಲೇ ಕೂತಿತು. ಹಿಂದಿನಿಂದ ಪಟ್ ಎಂದು ತಗಡು ಕಿತ್ತ ಸದ್ದು. ಜೀಪು ಹೋಯಿತು.

ತಿಪ್ಪೇಶಿ ಹಿಂದೆ ತಿರುಗಲಿಲ್ಲ. ಕನ್ನಡಿ ನೋಡಿದ. ಕೆಂಪು ಕಂಡಿತು. ಮೊದಲಿಗಿಂತ ಚೆನ್ನಾಗಿ ಕಂಡಿತು.

ಪೊಲೀಸಪ್ಪ ಕೈ ಅಡ್ಡ ಹಾಕಿದ. "ಎಲ್ಲೋ ನಿನ್ನ ಮನೆ?"

"ದೀಪ ನೋಡಿ ಸಾರ್! ಉರೀತೈತೆ!"

ಪೊಲೀಸಪ್ಪ ಬಗ್ಗಿ ನೋಡಿದ. ವೈರಿನ ತುದಿಗೆ ದೀಪ ರಸ್ತೆಯ ಮೇಲೆ ಬಿದ್ದಿತ್ತು. ಉರಿಯುತ್ತಿತ್ತು. ಉರಿಸಿಕೊಂಡು ಬಾ ಎಂದವನು ತಾನೇ. ತಲೆ ಕೆರೆದುಕೊಂಡ, ಹೋಗು ಎಂದ.

ಚಳ್ಳಕೆರೆಯಲ್ಲಿ ಮಾರಕ್ಕ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಳು.

"ಅವ್ವ ಎಲ್ಲೋ?"

"ಗಾಲಿಮನೇಲಿ ಕಣಕ್ಕ."

"ಗಾಲಿಮನೆ ಎಲ್ಲೋ?"

"ಇದೇನಕ್ಕ ಹಿಂಗ್ ಕೇಳ್ತೀಯ? ದೀಪ ಅಲ್ಲೈತೆ. ಮನೆ ಅದರ ಮುಂದೈತೆ."

ಮಾರಕ್ಕ ನೋಡಿದಳು. ಅಂಗಳದ ಧೂಳಿನಲ್ಲಿ ಒಂಟಿ ದೀಪ. ನಗು ಬಂತು. ನಕ್ಕಳು, ನಕ್ಕಳು, ನಕ್ಕೂ ನಕ್ಕೂ ನೋವೇ ಶುರುವಾಯಿತು. ಗಂಡ ಸೂಲಗಿತ್ತಿಯನ್ನು ಕರೆಯಲು ಓಡಿದ.

ಓಬಮ್ಮ ಹಾಲಿನ ವ್ಯಾನಿನಲ್ಲಿ ಬಂದಿಳಿದಳು. ಕೈಯಲ್ಲಿ ಪಿನ್ನು. ಮಗನಿಗೆ ಬಾರಿಸಲು ಎತ್ತಿದಳು. ಒಳಗಿಂದ "ಅವ್ವಾ!" ಎಂದು ಮಾರಕ್ಕ ಕೂಗಿದಳು. ಎತ್ತಿದ ಪಿನ್ನನ್ನು ಅವನ ಕೈಗೇ ತುರುಕಿದಳು.

"ಪಿನ್ನು ಹಾಕೋ ಪೆದ್ದ ಮುಂಡೇದೆ! ಹಾಕಿ, ಅಲ್ಲಾಡಿಸಿ ನೋಡು! ಅಲ್ಲಾಡಬಾರದು!" ಎನ್ನುತ್ತಲೇ ಒಳಗೆ ಓಡಿದಳು. ಮೊಮ್ಮಗಳು ಅಜ್ಜಿಯ ಕೈಗೇ ಬಂದಳು.

ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ಸೇರಿದರು. ಹಾಡು ಹೇಳಿದರು. ತೊಟ್ಟಿಲು ತೂಗಿದರು. ತೂಗಲಿಲ್ಲ. ಎಳೆದರು. ಜಗ್ಗಿದರು. ಮಗು ಕಿರುಚಿತು.

ಓಬಮ್ಮ ಬಗ್ಗಿ ನೋಡಿದಳು. ತೊಟ್ಟಿಲನ್ನೂ ಅದು ನಿಂತ ಕಾಲನ್ನೂ ಸೇರಿಸಿ ಹೊಡೆದಿತ್ತು, ಹೊಳೆಯುವ ಪಿನ್ನು.

"ಅಲ್ಲಾಡಿಸಿ ನೋಡಿದೆ ಕಣವ್ವ," ಎಂದ ತಿಪ್ಪೇಶಿ. "ಅಲ್ಲಾಡಲ್ಲ!"

ಓಬಮ್ಮ ಬೈಯಲು ಬಾಯಿ ತೆರೆದಳು. ಮಾರಕ್ಕ ಓಡಿ ಬಂದು ಅವಳ ಬಾಯಿ ಮುಚ್ಚಿದಳು.

"ಬೇಡವ್ವ! ಇನ್ನು ಅವನಿಗೆ ಏನೂ ಹೇಳಬೇಡ!"