ಓ ಅನ್ನುವ ತನಕ

ಹೊಳೆದಂಡೆಯ ಆ ಮಠದಲ್ಲಿ ಒಂದು ಗಂಟೆ ಇತ್ತು. ದೇವರಿಗೆ ಬಾರಿಸುವ ಗಂಟೆಯಲ್ಲ, ನೀರಿಗೆ ಬಾರಿಸುವ ಗಂಟೆ.

ಬೇಸಿಗೆಯಲ್ಲಿ ಹೊಳೆ ಬತ್ತಿ ಮರಳು ಬಯಲಾದರೆ, ದಂಡೆಯ ಒಂದಿಷ್ಟು ಮನೆಯವರು ಅಲ್ಲಿಗಿಳಿದು ಕಲ್ಲಂಗಡಿ ಹಾಕುತ್ತಿದ್ದರು. ಬಳ್ಳಿಗಳ ನಡುವೆಯೇ ಗುಡಿಸಲು, ಅಲ್ಲೇ ಒಲೆ, ಅಲ್ಲೇ ತೊಟ್ಟಿಲು. ಮೇಲೆ ಅಣೆಕಟ್ಟಿನಲ್ಲಿ ನೀರು ಬಿಡುವಾಗ ಕಾವಲುಗಾರ ಮಠಕ್ಕೆ ಫೋನು ಮಾಡಿ ಹೇಳುತ್ತಿದ್ದ. ಮಠದವರು ಗಂಟೆ ಬಾರಿಸುತ್ತಿದ್ದರು. ಮರಳಿನವರು ಮಕ್ಕಳನ್ನು ಎತ್ತಿಕೊಂಡು ದಂಡೆ ಹತ್ತುತ್ತಿದ್ದರು.

ಆ ಗಂಟೆಗೊಂದು ಕಟ್ಟಳೆ. ಢಣಢಣ ಬಾರಿಸಿ ಕೈ ಝಾಡಿಸಿಕೊಂಡು ಹೋಗುವಂತಿಲ್ಲ. ಒಂದೊಂದು ಗುಡಿಸಲಿನಿಂದಲೂ “ಓ” ಎಂಬ ಕೂಗು ಬರಬೇಕು. ಕೊನೆಯ ಓ ಬರುವ ತನಕ ಹಗ್ಗ ಬಿಡಬಾರದು.

ಹಗ್ಗ ಹಿಡಿಯುವ ಕೆಲಸ ಶಿಷ್ಯ ತೋಂಟೇಶನದು. ಅಂಗೈಯಲ್ಲಿ ಬೊಬ್ಬೆ ಎದ್ದು ಅವನಿಗೆ ಸಾಕುಬೇಕಾಗಿತ್ತು.

ಒಂದು ದಿನ ಗುರು ಕಲ್ಲಯ್ಯಜ್ಜ ಪಡಸಾಲೆಯಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ತೋಂಟೇಶ ಎದುರು ಬಂದು ಕುಳಿತ.

“ಅಜ್ಜಾರ, ಈ ಗಂಟಿ ಇನ್ನ ಸಾಕ್ರಿ. ಎಲ್ಲಾರ ಕೈಯಾಗೂ ಫೋನ್ ಐತಿ. ಫೋನಿಗೇ ಸುದ್ದಿ ಕಳಿಸೋಣು.”

“ಕಳಿಸಪಾ. ಬ್ಯಾಡ ಅಂದೋರು ಯಾರು?”

“ಹಂಗಲ್ರಿ. ಫೋನ್ ಟಿಂಗ್ ಅಂತೈತಲ್ಲ, ಆ ಸುದ್ದಿ ನೆಟ್ಟಗ ಬರಂಗಿಲ್ಲ. ಎಲ್ಲೋ ದೂರದ ಯಾವುದೋ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿಂದ ನಮ್ಮ ಫೋನಿಗೆ ಬರತೈತಿ. ಅವರು ತಡ ಮಾಡಿದ್ರ ತಡ, ಬಂದ್ ಮಾಡಿದ್ರ ಬಂದ್. ನಮ್ಮ ಮಾತು ಮಂದಿ ಮನಿ ಹಾದು ಯಾಕ ಹೋಗಬೇಕ್ರಿ?”

“ಮತ್ತ ಹೆಂಗ ಹೋಗಬೇಕು?”

“ಉಗ್ರಾಣದಾಗ ಹಳೇ ಕಂಪ್ಯೂಟರ್ ಬಿದ್ದೈತಲ್ರಿ. ಅದಕ್ಕ ಲಿನಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ ನಮ್ಮದೇ ಸರ್ವರ್ ಮಾಡ್ತೀನಿ. ಆಮ್ಯಾಲೆ ಎಲ್ಲಾರ ಫೋನೂ ನಮ್ಮ ಮಠದ ಕಡೇನೇ ಕಿವಿಗೊಟ್ಟು ಕುಂತಿರತಾವು.”

ಅಜ್ಜನ ಮುಖ ಅರಳಿತು. “ಛಲೋ ವಿಚಾರ ಮಾಡೀಯಲ್ಲೋ. ಮಾಡು.”

“ಹಂಗಾರ ಗಂಟಿ ಹಗ್ಗ ಬಿಚ್ಚಲೇನ್ರಿ?”

ಅಜ್ಜ ಇನ್ನೊಂದು ಬೀಜ ಬಿಡಿಸಿದರು. “ಹಗ್ಗಕ್ಕೇನ ಅವಸರ ಐತಿ?”

ತೋಂಟೇಶ ಉಗ್ರಾಣ ಸೇರಿದ. ಜೋಳದ ಚೀಲಗಳ ನಡುವೆ ಕಂಪ್ಯೂಟರ್ ಇಟ್ಟು, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಕುಟ್ಟಿದ್ದೇ ಕುಟ್ಟಿದ್ದು. ತಪ್ಪು ಎಂದು ಅದು ತಿರುಗಿಬಿದ್ದರೆ ಇವನು ಅದನ್ನು ಬೈಯುವುದು, ಮತ್ತೆ ತಾನೇ ಸಮಾಧಾನ ಮಾಡಿಕೊಂಡು ಕೂರುವುದು. ಊಟಕ್ಕೆ ಕರೆದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಕಡೆಗೂ ಅದು ಎದ್ದು ನಿಂತಿತು. ಮರಳಿನವರನ್ನೆಲ್ಲ ಪಡಸಾಲೆಗೆ ಕರೆಸಿ, ಮಠದ ವೈಫೈ ಕೊಟ್ಟು, ಪ್ರತಿಯೊಬ್ಬರ ಫೋನಿಗೂ ಆ್ಯಪು ಹಾಕಿದ. ಅಜ್ಜನ ಫೋನಿಗೂ ಹಾಕಿದ. ಒಳಗೆ ಹೋಗಿ ಒಂದು ಗುಂಡಿ ಒತ್ತಿದ.

ಪಡಸಾಲೆಯ ಅಷ್ಟೂ ಫೋನು ಒಟ್ಟಿಗೇ ಟಿಂಗ್ ಎಂದವು.

“ಅಯ್ ಶಿವನ!” ಎಂದಳು ಹುಲಿಗೆವ್ವ. ಮೊಮ್ಮಗನನ್ನು ಕಟ್ಟಿಕೊಂಡು ಮರಳಿನ ನಟ್ಟನಡುವೆ ಗುಡಿಸಲು ಹಾಕಿದವಳು ಅವಳು. ಎಲ್ಲರೂ ಚಪ್ಪಾಳೆ ತಟ್ಟಿದರು. ತೋಂಟೇಶನ ಕಾಲು ನೆಲದ ಮೇಲಿರಲಿಲ್ಲ.

ಅಜ್ಜ ಕಂಬಳಿ ಮಡಿಚಿ ಹೆಗಲಿಗೆ ಹಾಕಿಕೊಂಡರು. “ನಾ ಇನ್ನ ಹುಲಿಗೆವ್ವನ ಹೊಲದಾಗ ಇರ್ತೀನಿ. ನೀರು ಬಿಟ್ರ ಕರಿ.”

ಗುರುಗಳಿಗೆ ತನ್ನ ಮೇಲೆ ಎಷ್ಟು ನಂಬಿಕೆ ಎಂದು ತೋಂಟೇಶನ ಎದೆ ತುಂಬಿ ಬಂತು.

ದಿನಾ ಬೆಳಿಗ್ಗೆ ಅವನು ಉಗ್ರಾಣಕ್ಕೆ ಹೋಗಿ ‘ಶರಣು ಅಜ್ಜಾರ’ ಎಂದು ಎಲ್ಲರಿಗೂ ಕಳಿಸುತ್ತಿದ್ದ. ‘ಕಳಿಸಿದೆ’ ಎಂದು ಪರದೆ ಹೇಳುತ್ತಿತ್ತು. ಅವನ ಕಿಸೆಯ ಫೋನು ಟಿಂಗ್ ಎನ್ನುತ್ತಿತ್ತು. ಅಜ್ಜನಿಂದ ಮಾತ್ರ ಹಾಂ ಇಲ್ಲ, ಹೂಂ ಇಲ್ಲ.

ಅಜ್ಜಾರು ಮೌನ ಹಿಡಿದಿರಬೇಕು ಅಂದುಕೊಂಡ. ಎಂಥ ಜಾಣ ನೋಡಿ! ನಾಲ್ಕು ಮೆಟ್ಟಿಲು ಇಳಿದು “ಬಂತೇನ್ರಿ?” ಎಂದು ಒಂದು ಸಲವೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಕಾವಲುಗಾರನ ಫೋನು ಬಂತು. “ನೀರು ಬಿಟ್ಟೇವ್ರಿ. ಮಂದೀನ ಮ್ಯಾಲೆ ಹತ್ತಿಸ್ರಿ.”

ತೋಂಟೇಶ ಗಡಿಬಿಡಿ ಮಾಡಲೇ ಇಲ್ಲ. ‘ನೀರು ಬರುತ್ತಿದೆ, ದಂಡೆ ಹತ್ತಿ’ ಎಂದು ಬರೆದು ಕಳಿಸಿದ. ಕಿಸೆಯಲ್ಲಿ ಟಿಂಗ್ ಎಂದಿತು. ಹಗ್ಗ ಜಗ್ಗುವ ಕಷ್ಟ ತಪ್ಪಿತಲ್ಲ ಎಂದು ರೊಟ್ಟಿ ಬುಟ್ಟಿ ಎಳೆದುಕೊಂಡು ಕುಳಿತ.

ಎರಡನೇ ರೊಟ್ಟಿ ಮುರಿಯುವಾಗ ಕಿಟಕಿಯತ್ತ ನೋಡಿದ. ಹುಲಿಗೆವ್ವನ ಒಲೆಯ ಹೊಗೆ ಇನ್ನೂ ಏಳುತ್ತಿತ್ತು. ಅವಳ ಮೊಮ್ಮಗ ಕಾಯಿಯೊಂದನ್ನು ಉರುಳಿಸಿಕೊಂಡು ಓಡುತ್ತಿದ್ದ. ಬಳ್ಳಿಗಳ ನಡುವೆ ಅಜ್ಜ ತಲೆಗೆ ವಸ್ತ್ರ ಹೊದ್ದು ಕುಳಿತಿದ್ದರು.

ಒಬ್ಬರೂ ಎದ್ದಿರಲಿಲ್ಲ.

ಓಡಿಹೋಗಿ ಇನ್ನೊಮ್ಮೆ ಕಳಿಸಿದ. ಅವನ ಕಿಸೆಯಲ್ಲೇ ಟಿಂಗ್ ಎಂದಿತು. ಮರಳಿನ ಮೇಲೆ ಯಾರೂ ತಲೆ ಎತ್ತಲಿಲ್ಲ.

ತೋಂಟೇಶ ಎಂಜಲುಗೈಯಲ್ಲೇ ಹೋಗಿ ಗಂಟೆಯ ಹಗ್ಗಕ್ಕೆ ಜೋತುಬಿದ್ದ.

“ಓ” ಎಂದಿತು ಒಂದು ಗುಡಿಸಲು. “ಓ” ಎಂದಿತು ಇನ್ನೊಂದು. ಹುಲಿಗೆವ್ವನ ಸಣ್ಣ ದನಿಯ ಉದ್ದ ಓ ಬಂತು. ಬೊಬ್ಬೆ ಒಡೆದು ಹಗ್ಗ ಒದ್ದೆಯಾಯಿತು. ಎಲ್ಲಕ್ಕೂ ಕೊನೆಗೆ ಅಜ್ಜನ ದಪ್ಪ ದನಿ ಬಂದ ಮೇಲೆಯೇ ಅವನು ಕೈ ಬಿಟ್ಟದ್ದು.

ಕೊನೆಯವರು ಮೆಟ್ಟಿಲು ಹತ್ತುವಾಗ ನೀರು ಅವರ ಮೊಣಕಾಲಿಗೆ ಬಂದಿತ್ತು. ಬಳ್ಳಿ, ಕಾಯಿ, ಗುಡಿಸಲು ಎಲ್ಲ ಹೊಳೆಯ ಪಾಲಾಯಿತು.

ತೊಯ್ದ ಸೀರೆಯಲ್ಲಿ, ಮೊಮ್ಮಗನನ್ನು ಅವಚಿಕೊಂಡು ಹುಲಿಗೆವ್ವ ಪಡಸಾಲೆಗೆ ಬಂದಳು. “ಎಲ್ಲೈತೋ ನಿನ್ನ ಟಿಂಗು? ಈ ಕೂಸಿನ್ನ ಕಳಕೊಂತಿದ್ನಲ್ಲೋ, ಭಾಡ್ಯಾ!”

ಅವಳ ಮಾತು ಮುಗಿದಿರಲಿಲ್ಲ, ಸೊಂಟದ ಚೀಲದಲ್ಲಿ ಅವಳ ಫೋನು ಟಿಂಗ್ ಎಂದಿತು. ಪಕ್ಕದವನದೂ ಎಂದಿತು. ಪಡಸಾಲೆಗೆ ಕಾಲಿಟ್ಟವರ ಫೋನುಗಳೆಲ್ಲ ಒಂದರ ಹಿಂದೆ ಒಂದು ಬಡಿದುಕೊಂಡವು. ‘ಶರಣು ಅಜ್ಜಾರ.’ ‘ಶರಣು ಅಜ್ಜಾರ.’ ‘ನೀರು ಬರುತ್ತಿದೆ, ದಂಡೆ ಹತ್ತಿ.’

ಯಾರೂ ಚಪ್ಪಾಳೆ ತಟ್ಟಲಿಲ್ಲ.

ತೋಂಟೇಶನಿಗೆ ಆಗ ಹೊಳೆಯಿತು. ಮಠದ ವೈಫೈ ಒಳಗಿದ್ದಾಗಷ್ಟೇ ಸಿಗುವ ವಿಳಾಸವನ್ನು ಅವನು ಎಲ್ಲರ ಫೋನಿಗೂ ಬರೆದುಕೊಟ್ಟಿದ್ದ. ಅಂಗಳ ದಾಟಿದರೆ ಆ ವಿಳಾಸದಲ್ಲಿ ಯಾರೂ ಇಲ್ಲ. ಅವನ ಫೋನು ಮಠದ ಒಳಗೇ ಇತ್ತು, ಆದ್ದರಿಂದ ದಿನಾ ಟಿಂಗ್ ಎಂದಿತ್ತು.

ಅಜ್ಜನ ಕಾಲ ಬಳಿ ಕುಸಿದು ಕುಳಿತು ಅತ್ತುಬಿಟ್ಟ. “ಕಳಿಸಿದ್ನಿರಿ ಅಜ್ಜಾರ. ನಿಮ್ಮಾಣಿ, ದಿನಾ ಕಳಿಸೀನಿ.”

“ಕಳಿಸಿದ್ದು ನಿನಗ ಗೊತ್ತಪಾ. ಮುಟ್ಟಿದ್ದು ಯಾರನ್ನ ಕೇಳಿದಿ?”

ತೋಂಟೇಶ ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ.

“ಮಂದಿ ಮನಿ ಹಾದು ಹೋಗೂದು ಬ್ಯಾಡ ಅಂದಿ, ಖರೇ. ನಿನ್ನ ಮಾತು ನಿನ್ನ ಹೊಸ್ತಿಲಾನೇ ದಾಟಲಿಲ್ಲಲ್ಲೋ.”

“ಆ ಕಂಪ್ಯೂಟರ್ ಹೊಳಿಗೆ ಒಗೀತೀನ್ರಿ.”

“ಯಾಕ? ಅದೇನ ಮಾಡೇತಿ ಪಾಪ?” ಅಜ್ಜ ಅವನ ಅಂಗೈ ಬಿಡಿಸಿ, ಒಡೆದ ಬೊಬ್ಬೆಗೆ ಅರಿಷಿಣ ಹಚ್ಚಿದರು. “ಉಂಡು ಮಲಗು. ನಾಳೆ ಮಾಡು.”

ನೀರು ಇಳಿಯಿತು. ಮರಳಿನವರು ಹೊಟ್ಟೆಗೆ ಕಲ್ಲು ಕಟ್ಟಿಕೊಂಡು ಮತ್ತೆ ಬೀಜ ಹಾಕಿದರು. ಅಜ್ಜ ಮತ್ತೆ ಅಲ್ಲಿಗೇ ಹೋದರು.

ಹೊಸ ಬಳ್ಳಿ ಕಾಯಿ ಬಿಡುವ ಹೊತ್ತಿಗೆ ತೋಂಟೇಶ ಸರ್ವರಿಗೆ ಹೊರಗಿನಿಂದಲೂ ಸಿಗುವ ವಿಳಾಸ ಮಾಡಿದ, ಕಂಡಕಂಡವರು ಒಳನುಗ್ಗದಂತೆ ಅದಕ್ಕೆ ಬೀಗವನ್ನೂ ಹಾಕಿದ. ಈ ಸಲ ಯಾರನ್ನೂ ಮಠಕ್ಕೆ ಕರೆಯಲಿಲ್ಲ. ಸುಡುವ ಮರಳಿನಲ್ಲಿ ತಾನೇ ಗುಡಿಸಲು ಗುಡಿಸಲು ಅಲೆದ. ಕೆಲವು ಫೋನುಗಳು ಬ್ಯಾಟರಿ ಉಳಿಸಲು ಆ್ಯಪನ್ನು ಮಲಗಿಸಿಬಿಡುತ್ತಿದ್ದವು, ಅದನ್ನು ಸರಿಪಡಿಸಿದ. ಟಿಂಗ್ ಎಂದ ಮೇಲೆ ಒತ್ತಲು ಒಂದು ಗುಂಡಿ ಮಾಡಿ, ಅದರ ಮೇಲೆ ‘ಓ’ ಎಂದು ಬರೆದ. ಒತ್ತದವರ ಫೋನನ್ನು ಸರ್ವರ್ ಬಿಡದೆ ಕರೆಯುತ್ತಲೇ ಇರುತ್ತಿತ್ತು.

“ಈಗಾದ್ರೂ ಒದರತೈತೇನೋ?” ಎಂದು ಹುಲಿಗೆವ್ವ ಮೂತಿ ತಿರುವಿದಳು. ಒದರಿದಾಗ ಅವನಿಗೊಂದು ಕಲ್ಲಂಗಡಿ ಹೋಳು ಕೊಟ್ಟಳು.

ಹಗ್ಗದ ಮಾತನ್ನು ಅವನೂ ಎತ್ತಲಿಲ್ಲ, ಅಜ್ಜನೂ ಎತ್ತಲಿಲ್ಲ.

ಮತ್ತೆ ನೀರು ಬಿಟ್ಟ ಸುದ್ದಿ ಬಂತು. ತೋಂಟೇಶ ಕಳಿಸಿದ. ಈ ಸಲ ರೊಟ್ಟಿ ಬುಟ್ಟಿಯ ಕಡೆ ಹೋಗಲಿಲ್ಲ, ಪರದೆಯ ಮುಂದೆಯೇ ನಿಂತ.

ಹುಲಿಗೆವ್ವನ ಹೆಸರು ಮೊದಲು ಹಸಿರಾಯಿತು. ಹಿಂದೆಯೇ ಉಳಿದವರದು. ಹೊರಗೆ ಜನ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು.

ಒಂದು ಹೆಸರು ಮಾತ್ರ ಕೆಂಪಾಗಿಯೇ ಇತ್ತು. ಕಲ್ಲಯ್ಯಜ್ಜ.

ಸರ್ವರ್ ಕರೆಯಿತು, ಮತ್ತೆ ಕರೆಯಿತು. ತೋಂಟೇಶ ಹೋಗಿ ಗಂಟೆ ಬಾರಿಸಿದ. ಮೆಟ್ಟಿಲ ಮೇಲಿದ್ದವರೆಲ್ಲ ಓ ಎಂದರು. ಆ ದಪ್ಪ ದನಿ ಮಾತ್ರ ಬರಲಿಲ್ಲ.

ಅವನು ಹಗ್ಗ ಬಿಟ್ಟ. ಓ ಬರುವ ಮುಂಚೆ ಹಗ್ಗ ಬಿಟ್ಟದ್ದು ಅದೇ ಮೊದಲು. ಮೇಲೆ ಬರುವವರನ್ನು ಸರಿಸಿಕೊಂಡು ಕೆಳಗೆ ಓಡಿದ.

“ಎಲ್ಲಿಗೆ ಹೊಂಟೀಯೋ? ನೀರು ಬರಾಕತ್ತೈತಿ!” ಹುಲಿಗೆವ್ವ ಕೂಗಿದಳು.

“ಅಜ್ಜಾರು ಓ ಅಂದಿಲ್ಲ!”

ಕಾಲಲ್ಲಿ ಚಪ್ಪಲಿ ಇಲ್ಲ, ಮರಳು ಕಾದ ಹಂಚಾಗಿತ್ತು. ಬಿದ್ದ, ಎದ್ದ, ಓಡಿದ.

ಅಜ್ಜ ಹೊಲದ ಅಂಚಿನಲ್ಲಿ ಕುಳಿತಿದ್ದರು. ಕಾಲಿಗೆ ಚಪ್ಪಲಿ ಮೆಟ್ಟಿ, ಕಂಬಳಿ ಮಡಿಚಿ ಹೆಗಲಿಗೆ ಹಾಕಿ, ಕೋಲು ಹಿಡಿದು ತಯಾರಾಗಿದ್ದರು. ಅಂಗೈಯಲ್ಲಿ ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು.

“ಸುದ್ದಿ ಬರಲಿಲ್ಲೇನ್ರಿ ಅಜ್ಜಾರ?”

“ಬಂತಲ್ಲ. ಎಲ್ಲಾರಗಿಂತ ಮೊದಲ ಬಂತು.”

“ಗಂಟಿ?”

“ಅದೂ ಕೇಳಿಸ್ತು.”

“ಮತ್ತ ಓ ಅನ್ನಾಕ ಏನಾಗಿತ್ರಿ ನಿಮಗ? ನನ್ನ ಜೀವ ಬಾಯಿಗೆ ಬಂದಿತ್ತು!” ಗುರು ಎನ್ನುವುದನ್ನೂ ಮರೆತು ಅವನು ಗದರಿಬಿಟ್ಟ. ಕಣ್ಣಲ್ಲಿ ನೀರು ತುಂಬಿತ್ತು.

ಅಜ್ಜ ಅವನ ಭುಜ ಹಿಡಿದು ಎದ್ದರು. ಇಬ್ಬರೂ ಬಿರಬಿರನೆ ನಡೆದು ಮೆಟ್ಟಿಲು ಹತ್ತಿದರು. ಹಿಂದೆ ಹೊಳೆ ಭೋರ್ ಎಂದು ಬಂದು ಮರಳನ್ನು ತುಂಬಿತು.

ಮೇಲೆ ಬಂದಾಗ ಗಂಟೆಯ ಹಗ್ಗ ಗಾಳಿಗೆ ತೂಗಾಡುತ್ತಿತ್ತು. ತೋಂಟೇಶ ಏದುಸಿರು ಬಿಡುತ್ತ ಹೋಗಿ ಅದನ್ನು ಸುತ್ತಿ ಗೂಟಕ್ಕೆ ಹಾಕಲು ಕೈ ಚಾಚಿದ. ಅಜ್ಜ ಅವನ ಸುಟ್ಟ ಪಾದಗಳನ್ನೇ ನೋಡುತ್ತ ನಿಂತಿದ್ದರು.

“ತೋಂಟೇಶ,” ಎಂದರು, “ಆ ಹಗ್ಗ ಇನ್ನ ಬಿಚ್ಚಿಬಿಡಪಾ.”